ಸರ್ಕಾರದ ಹಗೇವು

ಶಹಾಬಾದಿನ ಹೊರಗೆ, ಕಲ್ಲು ತೆಗೆದು ಬಿಟ್ಟಿದ್ದ ಹಳೆಯ ಖಣಿಯೊಂದಕ್ಕೆ ಹಾಸುಗಲ್ಲು ಹೊದಿಸಿ, ಮೇಲೆ ಮಣ್ಣೆಳೆದು, ಸರ್ಕಾರ ನೆಲದೊಳಗೊಂದು ಕೋಣೆ ಮಾಡಿತ್ತು. ನಿಜಾಮರ ಆಡಳಿತ ಮುಗಿದ ಹೊಸತು. ಗಲಭೆಯ ದಿನಗಳಲ್ಲಿ ತಂತಿ ಕಡಿದು ಊರೂರಿನ ಸುದ್ದಿಯೇ ನಿಂತಿತ್ತಲ್ಲ, ಮತ್ತೆ ಹಾಗಾದರೆ ಇರಲಿ ಎಂದು ಅಲ್ಲೊಂದು ವೈರ್‌ಲೆಸ್ ಯಂತ್ರ ಇಟ್ಟರು. ಅದನ್ನು ನಡೆಸಲು ಇಲಾಖೆಯಲ್ಲೇ ಎಲ್ಲರಿಗಿಂತ ಅಂಜುಬುರುಕನನ್ನು, ಅಂದರೆ ನನ್ನನ್ನು, ಹುಡುಕಿ ಕಳಿಸಿದರು.

ಜಾಗ ಗುಪ್ತವಾಗಿರಬೇಕೆಂದು ಹೆಂಡತಿಗೂ ಹೇಳಿರಲಿಲ್ಲ. ವಾರ ಕಳೆಯುವುದರೊಳಗೆ ಆಕೆಯೇ, "ನಿಮ್ಮ ಹಗೇವಿನಾಗ ಭಾಳ ತಂಪದಂತಲ್ರಿ, ಈ ಮಜ್ಜಿಗಿ ಗಡಿಗಿ ಇಟ್ಟು ಬರ್ರಿ" ಎಂದಳು. ಕಲ್ಲು ಹೊದಿಸಿದವರೆಲ್ಲ ನಮ್ಮ ಓಣಿಯವರೇ. ನೆಲ ಅಗೆದು ಜೋಳ ತುಂಬಿಡುವ ಹಗೇವಿನ ಹೆಸರನ್ನೇ ಊರು ಅದಕ್ಕೂ ಇಟ್ಟಾಗಿತ್ತು.

ಕಾವಲಿಗಿದ್ದವರು ಚಿತ್ತಾಪುರದ ಕಡೆಯ ಒಬ್ಬ ಮುದುಕರು. ನಾನು ಕಾಕಾ ಎನ್ನುತ್ತಿದ್ದೆ. ಹಗೇವಿನಲ್ಲಿ ಕೆಟ್ಟ ಗಾಳಿ ನಿಲ್ಲುತ್ತದೆ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ಉರಿಯುತ್ತಿದ್ದರಷ್ಟೇ ಮನುಷ್ಯ ಇಳಿಯಬೇಕು ಎನ್ನುತ್ತಿದ್ದರು. ಅವರ ತಮ್ಮ ಒಂದು ವರ್ಷ ಕಂದೀಲಿಲ್ಲದೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಹೀಗಾಗಿ ಸರ್ಕಾರದ ಹಗೇವಿನಲ್ಲೂ ದಿನಾ ಮುಂಜಾನೆ ನನಗಿಂತ ಮೊದಲು ಕಂದೀಲು ಇಳಿಯುತ್ತಿತ್ತು. ನಾನು ಬೇಡವೆನ್ನಲಿಲ್ಲ. ಎರಡು ಕಂದೀಲು ಇಳಿಸಿದ್ದರೂ ನನ್ನದೇನೂ ತಕರಾರಿರಲಿಲ್ಲ.

ಆಮೇಲೆ ಬ್ಯಾಟರಿಗಳನ್ನು ಕೆಳಗೇ ಚಾರ್ಜ್ ಮಾಡುವ ವ್ಯವಸ್ಥೆ ಬಂತು. ಅವು ಬಿಡುವ ಗ್ಯಾಸು ಬೆಂಕಿ ಕಂಡರೆ ಸಿಡಿಯುತ್ತದೆ, ದೀಪ ಒಯ್ಯಬಾರದೆಂದು ಕಟ್ಟಪ್ಪಣೆಯಾಯಿತು. ಅಂದರೆ ನನ್ನ ಜೀವ ಕಾಯುತ್ತಿದ್ದ ಕಂದೀಲೇ ಇನ್ನು ಇಬ್ಬರ ಜೀವವನ್ನೂ ತೆಗೆಯುವಂತಾಗಿತ್ತು. ಆದರೆ ಕಾಕಾನ ಧೈರ್ಯವೆಲ್ಲ ಇದ್ದದ್ದು ಅದರಲ್ಲೇ. ಅದನ್ನು ಅವರ ಕೈಯಿಂದ ಬಿಡಿಸುವುದು ಹೇಗೆ?

ಕೆಟ್ಟ ಗಾಳಿ ಹೊರಹೋಗಲು ಹಾಕಿದ್ದ ಹೊಸ ಗಾಳಿಕೊಳವೆ ತೋರಿಸಿದೆ, ಗ್ಯಾಸಿನ ಸಂಗತಿ ವಿವರಿಸಿದೆ. ಅವರು ಎಲ್ಲ ಕೇಳಿ, ಕಂದೀಲು ಆರಿಸಿ, ಹಗೇವಿನ ಮುಚ್ಚಳದ ಮೇಲೆ ಕುಳಿತುಬಿಟ್ಟರು.

"ಏನಾಗ್ತದ ಅಂತ ನಮ್ಮ ತಮ್ಮನೂ ಅಂದಿದ್ದರಿ, ಸಾಹೇಬ್ರ."

ನಾನು ಗಡಿಯಾರ ನೋಡಿಕೊಂಡೆ. ಕಲಬುರ್ಗಿಗೆ 'ಎಲ್ಲ ಕ್ಷೇಮ' ಕಳಿಸುವ ಹೊತ್ತು ಮೀರುತ್ತಿತ್ತು. ಆ ಸುದ್ದಿ ಹೋಗದಿದ್ದರೆ ಅಲ್ಲಿಂದ ಪೊಲೀಸ್ ವ್ಯಾನು ಹೊರಡುತ್ತದೆ. ಕೊನೆಗೆ ಕಾಕಾ ಎದ್ದರು. "ಮೊದ್ಲ ನಾ ಇಳೀತೀನಿ. ಗಾಳಿ ಕೆಟ್ಟಿದ್ರ ನನಗ ತಿಳೀತದ."

"ನಿಮಗ ತಿಳಿದ ಮ್ಯಾಲ ನನಗ್ಯಾರು ಹೇಳವ್ರು, ಕಾಕಾ?"

ಅವರು ನಗಲಿಲ್ಲ. ನಾನೇ ಕಂದೀಲಿನ ಹಗ್ಗ ತೆಗೆದು ನನ್ನ ಸೊಂಟಕ್ಕೆ ಕಟ್ಟಿಕೊಂಡು, ಇನ್ನೊಂದು ತುದಿ ಅವರ ಕೈಗಿಟ್ಟೆ. ಮಾತಾಡುತ್ತಲೇ ಇಳಿಯುತ್ತೇನೆ, ಮಾತು ನಿಂತರೆ ಎಳೆಯಿರಿ ಎಂದೆ.

ಏಣಿಯ ಮೇಲೆ ನಿಂತಾಗ ಮಾತೇ ಹೊಳೆಯಲಿಲ್ಲ. ಹೊಳೆದದ್ದೆಲ್ಲ ಚಿಂತೆಗಳೇ. ಮಗಳ ಲಗ್ನ, ಚಾವಣಿಯ ಬಿರುಕು, ಮನೆಯ ಚಿಲಕ ಹಾಕಿ ಬಂದೆನೋ ಇಲ್ಲವೋ, ನನ್ನನ್ನು ವಾಡಿಗೆ ಬದಲಿ ಮಾಡಿದರೆ ಎಮ್ಮೆಯ ಗತಿಯೇನು. ಮನೆಯಲ್ಲಿ ಯಾರೂ ಕಿವಿಗೊಡದ ಅವನ್ನೆಲ್ಲ ಒಬ್ಬ ಮನುಷ್ಯ ಮೇಲಿಂದ ಉಸಿರು ಬಿಗಿಹಿಡಿದು ಕೇಳುತ್ತಿದ್ದ.

ಕೆಳಗೆ ಹೆಡ್‌ಫೋನ್ ಹಾಕಿಕೊಂಡು ಸುದ್ದಿ ಕಳಿಸುವ ಮೋರ್ಸ್ ಕೀಲಿ ಕುಟ್ಟತೊಡಗಿದೆ. ಬಾಯಿ ನಿಂತಿದ್ದು ಗಮನಕ್ಕೇ ಬರಲಿಲ್ಲ. ಹಗ್ಗ ಜಗ್ಗಿದ ರಭಸಕ್ಕೆ ಕುರ್ಚಿ ಸಮೇತ ಹಿಂದಕ್ಕೆ ಬಿದ್ದೆ.

"ಅದೀನಿ ಕಾಕಾ, ಅದೀನಿ!"

"ಹಂಗಾರ ಸುಮ್ಮ ಯಾಕಾದ್ರಿ?" ದನಿ ಒಡೆದಿತ್ತು. "ಎಮ್ಮಿದು ಅರ್ಧಕ್ಕ ಬಿಟ್ರಿ. ಹೇಳ್ರಿ ಮುಂದ."

ಎದ್ದು ಕುಳಿತೆ. ಕೈಯಲ್ಲಿ ಕಲಬುರ್ಗಿಗೆ ಎಲ್ಲ ಕ್ಷೇಮವೆಂದು ಕುಟ್ಟುತ್ತ, ಬಾಯಲ್ಲಿ ಎಮ್ಮೆಯ ಕಷ್ಟಗಳನ್ನು ಗಟ್ಟಿಯಾಗಿ ಮೇಲಕ್ಕೆ ಹೇಳುತ್ತ ಹೋದೆ.