ಓದಿ ಕೇಳಿಸಿದೆ, ಸರಿ ಇದೆ

ನನ್ನದು ಹುಟ್ಟಾ ಅನುಮಾನದ ಬುದ್ಧಿ. ಮನುಷ್ಯರನ್ನಿರಲಿ, ಶಬ್ದಗಳನ್ನೂ ಬೇಗ ನಂಬುವವಳಲ್ಲ. ಅಪ್ಪ ಹಿರೇಕೆರೂರಿನ ಕಚೇರಿ ಎದುರು ಕುಳಿತು ಅಕ್ಷರ ಬಾರದವರಿಗೆ ಅರ್ಜಿ ಬರೆದುಕೊಡುತ್ತಿದ್ದ. ಇಂಗ್ಲಿಷ್ ಅರ್ಜಿಯಾದರೆ ಕೊನೆಗೆ ‘ಇಂಡೈಟ್’ ಎಂಬ ಹಳೇ ಕ್ರಿಯಾಪದ ಹಾಕಿ ಹೇಳಿದವರ ಹೆಸರು, ಅದರ ಕೆಳಗೆ ತನ್ನ ಸಹಿ. ಕನ್ನಡದ್ದಾದರೆ ‘ಓದಿ ಕೇಳಿಸಿದೆ, ಸರಿ ಇದೆ’ ಎಂಬ ಸಾಲು.

“ಇಂಡೈಟ್ ಅಂದ್ರ ಏನಪಾ?”

“ಬರೆಯೋದವ್ವಾ.”

“ಹಂಗಾರ ರೈಟ್ ಅನ್ನಾಕ ಏನಾಗಿತ್ತು?”

ಅಪ್ಪ ನಕ್ಕು ಮುಂದಿನ ಅರ್ಜಿ ಎತ್ತಿಕೊಂಡ. ಏನೋ ಮುಚ್ಚಿಡುತ್ತಿದ್ದಾನೆ ಅನ್ನಿಸಿತು. ಮುಂದೆ ಇಂಗ್ಲಿಷ್ ಟೀಚರ್ ಆದ ಮೇಲೆ ದೊಡ್ಡ ನಿಘಂಟು ತೆಗೆದು ನೋಡಿದೆ. ಬರೆಯುವುದು, ರಚಿಸುವುದು ಎಂದೇ ಇತ್ತು. ಬೇರು ಮಾತ್ರ ಲ್ಯಾಟಿನ್ನಿನ ‘ಹೇಳು’ ಎಂಬ ಧಾತುವಿನಲ್ಲಿ. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದದ್ದು. ಒಬ್ಬರು ಹೇಳಿ ಇನ್ನೊಬ್ಬರ ಕೈಯಲ್ಲಿ ಬರೆಸುವುದೂ ಅದರ ಹಳೆಯ ಅರ್ಥ. ಕೋರ್ಟಿನಲ್ಲಿ ಆರೋಪ ಹೊರಿಸುವ ಶಬ್ದ ಇದರ ಒಡಹುಟ್ಟು. ನನ್ನ ಅನುಮಾನ ಸುಳ್ಳಾಗಿರಲಿಲ್ಲ.

ನನಗೆ ಹತ್ತೊಂಬತ್ತಾಗಿದ್ದಾಗ ಅಜ್ಜ ಹಾನಗಲ್ಲಿನ ಸಂಬಂಧ ಗೊತ್ತುಮಾಡಿದ್ದ. ಹುಡುಗಿಗೆ ಮೂರ್ಛೆರೋಗವಿದೆ ಎಂದು ಅವರ ಮನೆಗೊಂದು ಮೂಕರ್ಜಿ ಹೋಯಿತು. ಮದುವೆ ಮುರಿಯಿತು, ನಾನು ಕಾಲೇಜು ಸೇರಿದೆ. ಲಕೋಟೆಯ ಮೇಲೆ ಸವಣೂರಿನ ಅಂಚೆ ಮುದ್ರೆ ಇತ್ತೆಂದು ಸುದ್ದಿ ಬಂತು. ಸವಣೂರಿನಲ್ಲಿ ನಮ್ಮವರೆಂದರೆ ಚಿಕ್ಕವ್ವ ಒಬ್ಬಳೇ. ತನ್ನ ಮಗಳಿಗೂ ಆಗ ವರ ಹುಡುಕುತ್ತಿದ್ದಳು. ಮತ್ತೇನು ಸಾಕ್ಷಿ ಬೇಕು? ಅಂದಿನಿಂದ ಅವಳ ಮನೆಯ ನೀರು ಮುಟ್ಟಲಿಲ್ಲ. ಅವಳು ಕಳಿಸಿದ ಖಾರದ ಪೊಟ್ಟಣಗಳನ್ನು ಬಿಚ್ಚದೆ ವಾಪಸ್ ಕಳಿಸಿದೆ.

ಕಳೆದ ತಿಂಗಳು ಶಿಗ್ಗಾಂವಿಯ ಮದುವೆಮನೆಯಲ್ಲಿ ಹಾನಗಲ್ಲಿನ ಆ ಮನೆಯವರು ಸಿಕ್ಕರು. ಕಾಗದ ಇನ್ನೂ ಇದೆಯೆಂದು ವಾಟ್ಸಾಪಿನಲ್ಲಿ ಫೋಟೊ ಕಳಿಸಿದರು. ಎಡಗೈಯಲ್ಲಿ ಬರೆದಂಥ ಸೊಟ್ಟ ಅಕ್ಷರ. ಹೆಸರಿಲ್ಲ, ಸಹಿಯಿಲ್ಲ. ಕೊನೆಗೆ ಮಾತ್ರ ‘ಓದಿ ಕೇಳಿಸಿದೆ, ಸರಿ ಇದೆ.’

ಅದು ಅಪ್ಪನ ಅರ್ಜಿಗಳ ಸಾಲು. ಅಕ್ಷರ ಮರೆಸಿದ ಅಪ್ಪನಿಗೆ ರೂಢಿ ಬಿಡಲಾಗಿರಲಿಲ್ಲ. ಆದರೆ ಓದಿ ಕೇಳಿಸಿದ್ದು ಯಾರಿಗೆ? ಕೇಳೋಣವೆಂದರೆ ಅಪ್ಪ ಈಗಿಲ್ಲ. ಅಕ್ಷರ ಬಾರದ ಅವ್ವನ ಮುಂದೆ ಕುಳಿತು ಇಡೀ ಕಾಗದ ಗಟ್ಟಿಯಾಗಿ ಓದಿದೆ.

“ಇದನ್ನ ಹೇಳಿ ಬರೆಸಿದವರು ಯಾರ ಅವ್ವಾ?”

ಅವ್ವ ಕಾಳು ಹಸನು ಮಾಡುವುದನ್ನು ನಿಲ್ಲಿಸಲಿಲ್ಲ. “ನಾನ. ನಿನಗ ಓದೂದಿತ್ತು. ನಿಮ್ಮಜ್ಜ ಯಾರ ಮಾತೂ ಕೇಳತಿದ್ದಿಲ್ಲ.”

“ನಾ ಚಿಕ್ಕವ್ವನ ಮ್ಯಾಲ ಸಿಟ್ಟಾದಾಗರ ಹೇಳಬಾರದಿತ್ತೇನು?”

“ನಿಮ್ಮಜ್ಜ ಇರೂತನಕ ಅಂಜಿಕಿ. ಆಮ್ಯಾಲ ಹೇಳಾಕ ಬಾಯಿ ಬರಲಿಲ್ಲ. ಅಕಿಗೆ ಎಲ್ಲಾ ಗೊತ್ತೈತಿ. ಕಾಗದ ಪೋಸ್ಟಿಗೆ ಹಾಕಿದಾಕಿ ಅಕಿನ.”

ನನಗೆ ನಾಚಿಕೆಯಾಯಿತು. ನನಗಾಗಿ ಕಾಗದ ಹಾಕಿದವಳು ಇಷ್ಟು ವರ್ಷ ನನ್ನ ಸಿಟ್ಟು ಸಹಿಸಿಕೊಂಡಿದ್ದಳು. ಮರುದಿನವೇ ಸವಣೂರಿನ ಬಸ್ಸು ಹತ್ತಿದೆ. ಚಿಕ್ಕವ್ವ ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

“ಯಾರ ಹೇಳಿ ಕಳಿಸ್ಯಾರ ನಿನ್ನ?”

“ಯಾರೂ ಇಲ್ಲ. ನಾನ ಬಂದೇನಿ. ತಪ್ಪಾತು ಚಿಕ್ಕವ್ವಾ.”

ಅವಳು ನಂಬಲಿಲ್ಲ.