ಮಾಂಸ ಮುಟ್ಟದ ಮನೆಯ ಲಾಡಿಹುಳು

ಇಲ್ಲ, ದೋಣಿಮಲೈಯ ಆ ಊಟ ತಮ್ಮನಿಗೆ ಮೂರ್ಛೆ ಬಂದ ಮೇಲಿನದೇ ಇರಬೇಕು. ಗೆಳತಿಯ ಕ್ವಾರ್ಟರ್ಸಿನಲ್ಲಿ ಅವಳ ತಾಯಿ ಮಾಡಿದ್ದ ಹಂದಿ ಸಾರನ್ನು ಎರಡು ಸಲ ಹಾಕಿಸಿಕೊಂಡೆ. ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲೆ ಕಾಲೇಜಿನ ಚೀಲವಿತ್ತು; ತಮ್ಮನಿಗೆ ಮೂರ್ಛೆ ಬಂದದ್ದು ನನ್ನ ಕಾಲೇಜು ಮುಗಿದ ಮೇಲೆ. ಆದರೆ ಆ ಚೀಲವನ್ನು ಆಮೇಲೆ ಕೆಲಸಕ್ಕೂ ಒಯ್ಯುತ್ತಿದ್ದೆನಲ್ಲ. ಊಟ ಆಮೇಲಿನದು ಎಂದು ಬರೆದರೆ ನನಗೆ ಅನುಕೂಲ; ಅದಕ್ಕೇ ಅನುಮಾನ.

ಕಂಪ್ಲಿಯ ನಮ್ಮದು ಮಾಂಸ ಮುಟ್ಟದ ಮನೆ. ಹೊಸಪೇಟೆಯ ಡಾಕ್ಟರು ಸ್ಕ್ಯಾನ್ ನೋಡಿ, ತಮ್ಮನ ಮಿದುಳಿನಲ್ಲಿ ಲಾಡಿಹುಳುವಿನ ಮರಿ ಗಂಟಾಗಿ ಕೂತಿದೆ ಎಂದಾಗ ಅವ್ವ ಸಿಟ್ಟಾದಳು.

"ಹಂದಿ ತಿನ್ನೋರ ರೋಗ ನಮಗ್ಯಾಕ ಬರತೈತ್ರಿ?"

"ತಿಂದೋರ ಹೊಟ್ಟ್ಯಾಗ ಹುಳ ಬೆಳೀತೈತಮ್ಮ. ಅದರ ತತ್ತಿ ಮಲದಾಗ ಹೊರಗ ಬರತಾವ. ಅವರು ಕೈ ಸರಿಯಾಗಿ ತೊಳೀದೇ ಹಸಿ ಸೊಪ್ಪು ಮುಟ್ಟಿದ್ರ ಸಾಕು, ಉಂಡೋರ ತಲಿಗೆ ಹೋಗತಾವ. ಭಾಳ ವರ್ಷ ಆದ ಮ್ಯಾಲೂ ಫಿಟ್ಸ್ ಬರಬಹುದು. ಮನ್ಯಾಗಿನ ಎಲ್ಲಾರೂ ಮಲ ಪರೀಕ್ಷೆ ಮಾಡಿಸ್ರಿ."

ಎಲ್ಲರೂ ಎಂದರೆ ಅವ್ವನಿಗೆ ಒಬ್ಬಳೇ: ಹಿತ್ತಲಲ್ಲಿ ನಮ್ಮ ಪಾತ್ರೆ ತಿಕ್ಕುತ್ತಿದ್ದ ಹೆಂಗಸು. ಅವಳ ಮನೆಯಲ್ಲಿ ಹಂದಿ ಬೇಯುತ್ತಿತ್ತು. ಅವಳು ಪರೀಕ್ಷೆಗೆ ಕೊಟ್ಟಳು. ಹುಳುವಿಲ್ಲ ಎಂಬ ಚೀಟಿ ತಂದು ಕಟ್ಟೆಯ ಮೇಲಿಟ್ಟಳು. ಅವ್ವ ಅದನ್ನು ಕೈಯಲ್ಲೂ ಹಿಡಿಯಲಿಲ್ಲ.

"ನಾಳಿಂದ ಬರಬ್ಯಾಡ."

"ಇಷ್ಟು ವರ್ಷದಾಗ ಒಂದಿನ ಅಡಗಿಮನಿ ಹೊಸ್ತಿಲಾ ದಾಟಿಸಿಲ್ಲ ನೀವು. ಹಿತ್ತಲದಾಗ ಕುಂತು ನಿಮ್ಮ ಹುಡುಗನ ತಲಿಯಾಗ ಹುಳ ಬಿಟ್ನೇನ್ರಿ? ಭಾಳ ಉದ್ದ ಕೈ ಬಿಡ್ರಿ ನಂದು!"

ಆಮೇಲೆ ನನ್ನ ಕಡೆ ತಿರುಗಿದಳು. "ಏನವ್ವಾ, ಓದಿದಾಕಿ ನೀನು. ನೀನರ ಹೇಳು."

ನಾನು ಮೆಂತ್ಯಸೊಪ್ಪು ಹೆಚ್ಚುತ್ತಿದ್ದೆ. ಹಸಿ ಸೊಪ್ಪಿಗೆ ಉಳ್ಳಾಗಡ್ಡಿ, ಉಪ್ಪು ಹಾಕಿ ಕೈಯಲ್ಲಿ ಕಲಸಿ ರೊಟ್ಟಿಯ ಜೊತೆ ಬಡಿಸುವುದು ನಮ್ಮ ಮನೆಯಲ್ಲಿ ಯಾವತ್ತೂ ನನ್ನದೇ ಕೆಲಸ. ತಲೆ ಎತ್ತಲಿಲ್ಲ. ಎತ್ತಿದೆನೇನೋ, ಮಾತಂತೂ ಆಡಲಿಲ್ಲ. ಊಟ ಆಮೇಲಿನದಾಗಿದ್ದರೆ ಅವತ್ತು ಬಾಯಿ ಮುಚ್ಚಿಕೊಳ್ಳಲು ನನಗೇನಿತ್ತು? ಹೇಡಿತನಕ್ಕೆ ಕಾರಣ ಬೇಕಿಲ್ಲ ಎಂದೂ ವಾದಿಸಬಹುದು. ವಾದಿಸಿದ್ದೇನೆ.

ಅವಳು ಚೀಟಿಯನ್ನು ಅಲ್ಲೇ ಬಿಟ್ಟು ಹೋದಳು. ತಮ್ಮ ಚಿಕಿತ್ಸೆಯಿಂದ ಸುಧಾರಿಸಿದ. ನಮ್ಮಲ್ಲಿ ಯಾರೂ ಪರೀಕ್ಷೆ ಮಾಡಿಸಲಿಲ್ಲ. ವಾರದ ನಂತರ ನಾನೊಬ್ಬಳೇ ಹೊಸಪೇಟೆಯ ಅಂಗಡಿಯಿಂದ ಹುಳುವಿನ ಗುಳಿಗೆ ತಂದು ಯಾರಿಗೂ ಹೇಳದೆ ನುಂಗಿದೆ. ಅದರಿಂದ ಒಳಗೆ ಏನಾದರೂ ಸತ್ತಿತೋ, ಸಾಯಲು ಏನೂ ಇರಲೇ ಇಲ್ಲವೋ, ನನಗೆ ಗೊತ್ತಿಲ್ಲ.