ಹಕ್ಕಿಗಾಗಿ

ಆಕೆಗೆ ಕರುಣೆ ಇರಲಿಲ್ಲ. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಇರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿಗೆ ಓದು ಬರಹ ಕಲಿಸಿದವಳು, ಒಳ್ಳೆಯ ಪ್ರಜೆ ಹೇಗಿರಬೇಕೆಂದು ಪಾಠ ಬರೆದು ಸುತ್ತಲಿನ ಶಾಲೆಗಳಿಗೆಲ್ಲ ಹಂಚಿದವಳು, ಅಷ್ಟೂ ವರ್ಷಗಳಲ್ಲಿ ಯಾರ ಒಂದು ತಪ್ಪನ್ನೂ ಕಂಡು ಸುಮ್ಮನಿದ್ದವಳಲ್ಲ. ಮಗಳಿಗೆ ಜ್ವರವೆಂದು ತಾಯಿಯೊಬ್ಬಳು ಬರೆದುಕೊಟ್ಟ ರಜೆ ಚೀಟಿಯನ್ನು ಮೊದಲು ತಿದ್ದಿ, ಆಮೇಲೆ ಜ್ವರ ಎಷ್ಟಿದೆ ಎಂದು ಕೇಳಿದ್ದಳು. ಮದುವೆಗೆ ಕರೆಯಲು ಬಂದವರ ಎದುರಿಗೇ ಕರೆಯೋಲೆಯ ಎರಡು ಒತ್ತಕ್ಷರ ಸರಿಮಾಡಿ ಅವರ ಕೈಗೇ ವಾಪಸು ಕೊಟ್ಟಿದ್ದಳು. ಮಕ್ಕಳು ಇಟ್ಟ ಹೆಸರು ಕೆಂಪುಮಸಿ. ಒಂದು ದಿನ ಶಾಲೆಯ ಹಿಂದಿನ ಗೋಡೆಯ ಮೇಲೆ ಆ ಹೆಸರು ಇದ್ದಿಲಿನಲ್ಲಿ ‘ಕೆಂಪುಮಶಿ’ ಎಂದು ಕಾಣಿಸಿಕೊಂಡಿತು. ಆಕೆ ಅದನ್ನು ಅಳಿಸಲಿಲ್ಲ. ‘ಶಿ’ ಹೊಡೆದುಹಾಕಿ ‘ಸಿ’ ಮಾಡಿ ಮುಂದೆ ಹೋದಳು.

ಆಕೆಯ ರಾಜ್ಯ ಶಾಲೆಯ ಹಿಂಭಾಗದ ಒಂದು ಕೋಣೆ. ಮೊದಲು ಅಲ್ಲಿ ಕಾಲು ಮುರಿದ ಬೆಂಚುಗಳಿದ್ದವು. ಆಕೆ ಹೊಕ್ಕ ಮೇಲೆ ಅದು ಪಾಠೋಪಕರಣಗಳ ಕೋಣೆಯಾಯಿತು. ಮೂರು ಗೋಡೆಗೆ ಕಪಾಟು. ಕಪಾಟಿನ ತುಂಬ ಅಕ್ಷರದ ಪೆಟ್ಟಿಗೆ, ಚಿತ್ರಪದಗಳ ಪೆಟ್ಟಿಗೆ, ಅಭ್ಯಾಸದ ಹಾಳೆಗಳ ಕಟ್ಟು. ನಾಲ್ಕನೆಯ ಗೋಡೆಗೆ ಕೋಲಿಗೆ ಸುತ್ತಿದ ಪಟಗಳು: ಅಂಚೆ ಕಚೇರಿ, ನ್ಯಾಯಾಲಯ, ಮತ ಹಾಕುವ ಸಾಲು. ಬಾಗಿಲು ತೆಗೆದರೆ ಗೋಂದಿನ ವಾಸನೆ. ಬೇರೆ ಶಾಲೆಯ ಮೇಷ್ಟ್ರುಗಳು ಬಂದು ಎರವಲು ಒಯ್ಯುತ್ತಿದ್ದರು, ತರುವಾಗ ಪ್ರತಿ ಕಾರ್ಡನ್ನೂ ಆಕೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೂಲೆ ಮಡಿಚಿದ ಕಾರ್ಡಿಗೆ ಆ ಕೋಣೆಯಲ್ಲಿ ಜಾಗವಿರಲಿಲ್ಲ. ಅಲ್ಲೇ ಹರಿದು ಬುಟ್ಟಿಗೆ.

“ಒಂದು ಚೂರು ಮಡಿಚಿದ್ದಕ್ಕೆ ಹರಿಯೋದಾ ಮೇಡಂ?” ಎಂದು ಯಾರಾದರೂ ಹಲ್ಲು ಗಿಂಜಿದರೆ ಉತ್ತರ ಸಿದ್ಧವಿತ್ತು. “ಮಗು ಅಕ್ಷರ ನೋಡಲ್ಲ, ಮಡಿಚಿದ ಮೂಲೆ ನೋಡಿ ಪದ ಹೇಳತ್ತೆ. ಅದು ಓದಲ್ಲ, ಕಳ್ಳತನ.”

ಮಾತು ನಿಜ. ಆಕೆಯ ಮಾತುಗಳೆಲ್ಲ ನಿಜವಾಗಿದ್ದವು. ತೊಂದರೆ ಇದ್ದದ್ದೇ ಅಲ್ಲಿ.

ಕಾರ್ಡುಗಳ ಚಿತ್ರ ಬರೆಯುತ್ತಿದ್ದವನು ಆಕೆಯ ಗಂಡ. ಅಂಗಡಿಗಳಿಗೆ ಬೋರ್ಡು ಬರೆಯುವುದು ಅವನ ಕಸುಬು. ಸದಾ ನಗುವವನು, ಕಿವಿಯ ಹಿಂದೆ ಕುಂಚ ಸಿಕ್ಕಿಸಿಕೊಂಡೇ ಊಟಕ್ಕೆ ಕೂರುವವನು. ಹೆಂಡತಿಯನ್ನು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದ. ಮಕ್ಕಳಾಗಲಿಲ್ಲ. ಸಂಜೆಯಾದರೆ ಅಡುಗೆಮನೆಯ ಮೇಜಿನ ಒಂದು ಬದಿಗೆ ಅವನು ಚಿತ್ರ ಬರೆಯುವುದು, ಇನ್ನೊಂದು ಬದಿಗೆ ಆಕೆ ಕಾರ್ಡಿನ ಬೆನ್ನಿಗೆ ಪದ ಬರೆಯುವುದು. ಹಸು, ಮನೆ, ನೀರು, ಹಕ್ಕಿ. ಹಕ್ಕಿಯನ್ನು ಮಾತ್ರ ಅವನು ಬಾಯಿ ತೆರೆದು ಕೂಗುವ ಹಾಗೆ ಬರೆದಿದ್ದ. “ಬಾಯಿ ಮುಚ್ಚಿಸಿ, ಸಾಧಾರಣ ಹಕ್ಕಿ ಸಾಕು” ಎಂದಳು ಆಕೆ. “ಮುಚ್ಚಿಸೋಕೆ ಅದೇನು ನಿನ್ನ ಕ್ಲಾಸಿನಲ್ಲಿ ಕೂತಿದೆಯಾ?” ಎಂದು ಅವನು ಹಾಗೇ ಬಿಟ್ಟ.

ಆ ವರ್ಷವೇ ಆಕೆ ಹೆಸರಾದ ಅಭ್ಯಾಸದ ಹಾಳೆಯನ್ನು ಮಾಡಿದ್ದು. ಓದು, ಬರಹ, ಪೌರನೀತಿ, ಮೂರಕ್ಕೂ ಒಂದೇ ಹಾಳೆ. ವಾಕ್ಯವನ್ನು ಓದಿ, ನೋಡಿ ಬರೆದು, ಪಕ್ಕದ ಚೌಕದಲ್ಲಿ ಅದಕ್ಕೊಂದು ಚಿತ್ರ ಬರೆಯಬೇಕು. ಚಿತ್ರ ನೋಡಿದರೆ ಮಗುವಿಗೆ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಒಳ್ಳೆಯ ಹಾಳೆ. ನಾಲ್ಕನೆಯ ವಾಕ್ಯ ಹೀಗಿತ್ತು: ‘ನಮ್ಮ ಹಕ್ಕಿಗಾಗಿ ನಾವು ದನಿ ಎತ್ತಬೇಕು.’

ಇಡೀ ತರಗತಿ ಹಕ್ಕಿ ಬರೆಯಿತು. ಒಬ್ಬರು ಗಿಳಿ, ಒಬ್ಬರು ಕಾಗೆ, ಪಂಜರದಲ್ಲಿಟ್ಟವರು ಕೆಲವರು, ಪಂಜರದ ಬಾಗಿಲು ತೆರೆದು ಪಕ್ಕದಲ್ಲಿ ಬಾಯಿ ಅಗಲಿಸಿ ಕೂಗುವ ತಮ್ಮನ್ನೇ ಬರೆದುಕೊಂಡವರು ಕೆಲವರು. ಕೆಂಪುಮಸಿ ಅಷ್ಟಕ್ಕೂ ಸೊನ್ನೆ ಹಾಕಿದಳು.

ಮನೆಯಲ್ಲಿ ಗಂಡ ಹಾಳೆಗಳನ್ನು ತಿರುವಿಹಾಕಿ ಹೊಟ್ಟೆ ಹಿಡಿದುಕೊಂಡು ನಕ್ಕ.

“ಹಕ್ಕು ಅಂತ ನೀನು ಬರೆದಿದ್ದರೆ ಹಕ್ಕು ಅಂತ ಓದ್ತಿದ್ದರು. ಹಕ್ಕಿಗಾಗಿ ಅಂತ ಬರೆದಿದ್ದೀಯ.”

“ಹಕ್ಕು ಶಬ್ದಕ್ಕೆ ‘ಗಾಗಿ’ ಸೇರಿದರೆ ಹಕ್ಕಿಗಾಗಿ ಅಂತಲೇ ಆಗೋದು ರೀ. ವ್ಯಾಕರಣ.”

“ಹಕ್ಕಿಗೆ ಸೇರಿದರೆ?”

“ಅದೂ ಹಕ್ಕಿಗಾಗಿ.”

“ಮತ್ತೆ? ಹಕ್ಕಿಗೂ ಹಕ್ಕಿಗೂ ವ್ಯತ್ಯಾಸ ಏನು ಮೇಷ್ಟ್ರಮ್ಮಾ? ನಿನ್ನ ವ್ಯಾಕರಣ ಮಾಡಿದ ತಪ್ಪಿಗೆ ಮಕ್ಕಳಿಗೆ ಸೊನ್ನೆಯಾ? ಅದೂ ಅಲ್ಲದೆ, ದನಿ ಎತ್ತೋದು ಹಕ್ಕಿ ತಾನೇ? ಸರಿಯಾಗೇ ಬರೆದಿದ್ದಾರೆ ಬಿಡು.”

“ಪಾಠ ಕೇಳಿದ್ದರೆ ಗೊತ್ತಾಗ್ತಿತ್ತು. ಕೇಳಿಲ್ಲ.”

ಸೊನ್ನೆ ಸೊನ್ನೆಯಾಗಿಯೇ ಉಳಿಯಿತು. ಉತ್ತರದ ಪುಟದಲ್ಲಿ ಆಕೆ ಒಂದು ಸಾಲು ಸೇರಿಸಿದಳು, ಎಲ್ಲ ಶಾಲೆಗಳ ಮೇಷ್ಟ್ರುಗಳಿಗೂ ತಿಳಿಯಲಿ ಎಂದು: ‘ನಾಲ್ಕನೆಯದಕ್ಕೆ ಹಕ್ಕಿಯ ಚಿತ್ರ ತಪ್ಪು.’ ವರ್ಷ ವರ್ಷವೂ ಮಕ್ಕಳು ಹಕ್ಕಿ ಬರೆದರು. ವರ್ಷ ವರ್ಷವೂ ಸೊನ್ನೆ ಬಿತ್ತು. ಅದು ಮನೆಯಲ್ಲಿ ಹಳೆಯ ತಮಾಷೆಯಾಯಿತು. ಆಕೆ ಕಾರಣವಿಲ್ಲದೆ ರೇಗಿದಾಗಲೆಲ್ಲ ಅವನು ಮೇಜಿನ ಆಚೆಯಿಂದ ಮೆಲ್ಲಗೆ “ಹಕ್ಕಿಗಾಗಿ” ಎನ್ನುತ್ತಿದ್ದ. ಆಕೆ ನಗುತ್ತಿರಲಿಲ್ಲ. ರೇಗುವುದನ್ನು ಮಾತ್ರ ನಿಲ್ಲಿಸುತ್ತಿದ್ದಳು.

ಒಂದು ಬೆಳಗ್ಗೆ ಔಷಧಿ ಅಂಗಡಿಯ ಬೋರ್ಡು ಬರೆಯುತ್ತಾ ಅವನು ಏಣಿಯಿಂದ ಇಳಿದು ಕೂತುಬಿಟ್ಟ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಹೇಳಿದ್ದು ತಿಳಿಯುತ್ತಿತ್ತು, ತಿರುಗಿ ಹೇಳಲು ಪದ ಸಿಗುತ್ತಿರಲಿಲ್ಲ. ಮಾತು ಕಲಿಸುವ ಡಾಕ್ಟರಮ್ಮ ಆಕೆಯನ್ನು ಕೂರಿಸಿಕೊಂಡು ಹೇಳಿದಳು: “ಮೊದಲ ಕೆಲವು ತಿಂಗಳು ಮುಖ್ಯ. ಕೇಳಿದ್ದನ್ನೆಲ್ಲ ತಕ್ಷಣ ಕೈಗೆ ಕೊಡಬೇಡಿ, ಪದ ಹೇಳೋಕೆ ಪ್ರಯತ್ನ ಮಾಡಿಸಿ. ಅವರಿಗೆ ಬೇಸರ ಆಯ್ತು ಅಂದ್ರೆ ಬಿಟ್ಟುಬಿಡಿ.” ಬದುಕಿನಲ್ಲಿ ಒಂದು ವಾಕ್ಯವನ್ನೂ ಪೂರ್ಣವಿರಾಮದವರೆಗೆ ಓದದೆ ಬಿಡದವಳು ಆ ದಿನ ಮೊದಲರ್ಧ ಮಾತ್ರ ಕೇಳಿಸಿಕೊಂಡಳು.

ಪದಗಳನ್ನು ವಾಪಸು ತರಬೇಕು. ಅದೊಂದೇ ಆಕೆಯ ತಲೆಯಲ್ಲಿದ್ದದ್ದು. ಮೂವತ್ತೊಂದು ವರ್ಷದಲ್ಲಿ ಓದಲು ಬಾರದೆ ತನ್ನ ತರಗತಿ ದಾಟಿದ ಮಗುವೇ ಇಲ್ಲ, ಇವನನ್ನು ಬಿಟ್ಟಾಳೆಯೇ? ಎರವಲು ಪುಸ್ತಕದಲ್ಲಿ ತನ್ನ ಹೆಸರು ತಾನೇ ಬರೆದು ಚಿತ್ರಪದಗಳ ಪೆಟ್ಟಿಗೆಯನ್ನು ಮನೆಗೆ ತಂದಳು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ಒಂದು ಪಾಠ, ಬಂದ ಮೇಲೆ ಒಂದು. ಅದೇ ಮೇಜು. ಅವನೇ ಬರೆದ ಚಿತ್ರಗಳು.

ಮೂರನೆಯ ವಾರ ಅವನಿಗೆ ಒಂದು ಪದ ಬಂತು. ಹಕ್ಕಿ ಕಾರ್ಡು ಹಿಡಿದಾಗ ಬಾಯಿ ಸೊಟ್ಟ ಮಾಡಿಕೊಂಡು, ಬೆವತು, “ಹಕ್ಕಿ” ಎಂದ. ಆಕೆ ಎದ್ದು ಒಲೆಯ ಕಡೆಗೆ ತಿರುಗಿ ನಿಂತಳು, ತುಸು ಹೊತ್ತು. ಆಮೇಲೆ ಬಂದು ಕೂತು ಮುಂದಿನ ಕಾರ್ಡು ತೆಗೆದಳು. ಮನೆ.

“ಹಕ್ಕಿ” ಎಂದ ಅವನು.

ಹಸು ಹಕ್ಕಿಯಾಯಿತು. ಹಣ್ಣು ಹಕ್ಕಿಯಾಯಿತು. ದಿಂಬು ಬೇಕಾದರೆ ಹಕ್ಕಿ, ಬಚ್ಚಲಿಗೆ ಹೋಗಬೇಕಾದರೆ ಹಕ್ಕಿ. ಹಗಲಿನಲ್ಲಿ ಅವನನ್ನು ನೋಡಿಕೊಳ್ಳಲು ಬಂದಿದ್ದ ಅವನ ಅಕ್ಕನಿಗೆ ಎರಡೇ ದಿನದಲ್ಲಿ ಎಲ್ಲ ಹಕ್ಕಿಗಳ ಗುರುತು ಸಿಕ್ಕಿತು. ಸಣ್ಣಗೆ ಎಳೆದು ಹೇಳಿದರೆ ನೀರು, ಗದರಿದರೆ ಬಚ್ಚಲು, ಎರಡು ಸಲ ಹೇಳಿದರೆ ರೇಡಿಯೋ.

“ಅಲ್ಲ. ಇದು ನೀರು. ನೀ-ರು. ಹೇಳಿ.”

“ಹಕ್ಕಿ.”

“ಅಲ್ಲ.”

“ಅವನು ಕೇಳ್ತಿರೋದು ಗೊತ್ತಾಗತ್ತಲ್ಲಮ್ಮ, ಕೊಟ್ಟರೇನು?” ಎಂದಳು ಅಕ್ಕ. “ಇದೇನು ಪರೀಕ್ಷೆಯಾ?”

“ನೀವು ಸುಮ್ಮನಿರಿ ಅಕ್ಕ. ಗೊತ್ತಾಯ್ತು ಅಂತ ಕೊಟ್ಟರೆ ಇವರು ಇನ್ನೊಂದು ಪದ ಕಲಿಯಲ್ಲ. ಜೀವನಪೂರ್ತಿ ಹಕ್ಕಿ ಅಂದುಕೊಂಡು ಕೂತಿರಬೇಕಾ?”

“ಕೂತಿರಲಿ ಬಿಡೇ. ಇದಾನಲ್ಲ, ಸಾಲದಾ?”

ಆಕೆ ನೀರಿನ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡು, ಅದರ ಮುಂದೆ ‘ನೀರು’ ಕಾರ್ಡು ಇಟ್ಟಳು. ಹೊರಗೆ ಬಿಸಿಲು ಸುಡುತ್ತಿತ್ತು. ಅವನು ಲೋಟ ನೋಡಿದ, ಕಾರ್ಡು ನೋಡಿದ, ಅವಳನ್ನು ನೋಡಿದ. ಹಕ್ಕಿ ಎಂದ. ಅಲ್ಲ ಎಂದಳು. ಮತ್ತೆ ಹಕ್ಕಿ. ಮತ್ತೆ ಅಲ್ಲ. ಎಷ್ಟು ಸಲವೋ. ಕಡೆಗೆ ಅವನು ಎಡಗೈಯಿಂದ ಕಟ್ಟಿನಲ್ಲಿ ತಡಕಿ ಹಕ್ಕಿಯ ಕಾರ್ಡನ್ನು ಎಳೆದು, ಮೇಜಿನ ಮೇಲೆ ಅವಳ ಕಡೆಗೆ ಮೆಲ್ಲಗೆ ತಳ್ಳಿದ. ಹಳೆಯ ತಮಾಷೆಯ ನಗು ಬಾಯಿಯ ಒಂದೇ ಬದಿಯಲ್ಲಿ ಮೂಡಿತು. ಇನ್ನೊಂದು ಬದಿಗೆ ಶಕ್ತಿ ಇರಲಿಲ್ಲ.

ಆಕೆ ಅದನ್ನು ತಿರುಗಿ ಅವನ ಕಡೆಗೆ ತಳ್ಳಿದಳು.

“ತಪ್ಪು” ಎಂದಳು.

ಅಕ್ಕ ಎದ್ದು ಬಂದು ಲೋಟ ಕಿತ್ತುಕೊಂಡು ತಮ್ಮನಿಗೆ ಕುಡಿಸಿದಳು. ಅವನು ಕುಡಿದ. ಹಕ್ಕಿಯ ಕಾರ್ಡನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದ, ಮೂಲೆ ಮಡಿಚುವಷ್ಟು ಬಿಗಿಯಾಗಿ. ಅಂದಿನಿಂದ ಅವನ ಬಾಯಿಂದ ಆ ಒಂದು ಪದವೂ ಬರಲಿಲ್ಲ. ಕಾರ್ಡು ಹಿಡಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಕೆ ಪಾಠ ನಿಲ್ಲಿಸಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು. ಆಮೇಲಾಮೇಲೆ ಬರೀ ಹಕ್ಕಿಯ ಕಾರ್ಡನ್ನೇ ಹಿಡಿದು ಕೂರುತ್ತಿದ್ದಳು. “ಇದೇನು ಹೇಳಿ. ನಿಮಗೆ ಬರತ್ತಲ್ಲ ಇದು. ಹೇಳಿ ರೀ.” ಮಡಿಚಿದ ಮೂಲೆಯ ಮೇಲೆ ಬೆರಳಿಟ್ಟುಕೊಂಡು ಕೇಳುತ್ತಿದ್ದಳು. ಅವನು ಹೇಳಲಿಲ್ಲ. ಏಳು ವಾರದ ಮೇಲೆ ಎರಡನೆಯ ಸಲ ರಕ್ತ ಹೆಪ್ಪುಗಟ್ಟಿ, ಅಕ್ಕ ಹಾಲು ಕಾಯಿಸುತ್ತಿದ್ದಾಗ, ಹೋದ.

ಆಕೆ ಜನರೆದುರು ಅಳಲಿಲ್ಲ. ಅಕ್ಕ ತನ್ನ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು, “ಒಂದು ಲೋಟ ನೀರಿಗೆ ನನ್ನ ತಮ್ಮನ ಬಾಯಿ ಮುಚ್ಚಿಸಿದೆ” ಎಂದಳು. ಅದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ.

ರಜೆ ಮುಗಿದ ದಿನ ಕೆಂಪುಮಸಿ ಪೆಟ್ಟಿಗೆ ಹಿಡಿದುಕೊಂಡು ಶಾಲೆಗೆ ಬಂದಳು. ಆಕೆ ಇಲ್ಲದಾಗ ಕೋಣೆ ನೋಡಿಕೊಂಡಿದ್ದ ಹೊಸ ಮೇಷ್ಟ್ರು ಅಲ್ಲೇ ಇದ್ದ. ಸಮಾಧಾನ ಹೇಳಲು ಬಾಯಿ ತೆರೆದವನು ಆಕೆಯ ಮುಖ ನೋಡಿ ಮುಚ್ಚಿದ. ಆಕೆ ಕಿಟಕಿಯ ಬಳಿ ನಿಂತು ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದಳು. ಹಸು, ಮನೆ, ನೀರು. ಹಕ್ಕಿ ಬಂತು. ಮೂಲೆ ಮಡಿಚಿಕೊಂಡಿತ್ತು, ಬೆವರಿನ ಕಲೆಯೂ ಇತ್ತು. ಆಕೆ ಅದನ್ನು ಎರಡಾಗಿ, ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿ, ಎರವಲು ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ‘ಒಂದು ಹಾಳಾಗಿದೆ’ ಎಂದು ಬರೆದಳು. ಹೊಸ ಮೇಷ್ಟ್ರು ಈ ಮಾತನ್ನು ಆಮೇಲೆ ಶಾಲೆಯಲ್ಲೆಲ್ಲ ಹೇಳಿದ. ಕೇಳಿದವರಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.

ಆ ಬೇಸಿಗೆಯಲ್ಲಿ ಅಭ್ಯಾಸದ ಹಾಳೆಗಳನ್ನು ಹೊಸದಾಗಿ ಅಚ್ಚು ಹಾಕಿಸುವ ಕೆಲಸ ಬಂತು. ಆಕೆಯ ನಿವೃತ್ತಿಗೆ ಇನ್ನು ಒಂದೇ ತಿಂಗಳು. ಹೊಸ ಮೇಷ್ಟ್ರು ಕರಡು ಹಿಡಿದುಕೊಂಡು, ಅಳುಕುತ್ತಲೇ ಬಂದ.

“ಮೇಡಂ, ಈ ನಾಲ್ಕನೆಯ ವಾಕ್ಯ ಬದಲಾಯಿಸೋಣವಾ? ಮೊನ್ನೆ ಕ್ಲಾಸಿಗೆ ಕ್ಲಾಸೇ ಗುಬ್ಬಿ ಬರೆದಿಟ್ಟಿದೆ. ‘ನಮ್ಮ ಹಕ್ಕು ನಮಗೆ ತಿಳಿದಿರಬೇಕು’ ಅಂತ ಮಾಡಿದರೆ ಗೊಂದಲವೇ ಇರಲ್ಲ.”

“ವಾಕ್ಯದಲ್ಲಿ ತಪ್ಪಿದೆಯಾ?”

“ತಪ್ಪಿಲ್ಲ ಮೇಡಂ. ಆದರೆ ಮಕ್ಕಳು...”

“ತಪ್ಪಿಲ್ಲದ ವಾಕ್ಯ ಯಾಕೆ ಬದಲಾಯಿಸಬೇಕು ಮೇಷ್ಟ್ರೇ? ಹಾಗೇ ಇರಲಿ. ಉತ್ತರದ ಪುಟ ಇಟ್ಟು ಹೋಗಿ, ನೋಡಿ ಕಳಿಸ್ತೀನಿ.”

ಅವನು ಪುಟ ಇಟ್ಟು ಹೊರಗೆ ಬಂದು, ಮೊಗಸಾಲೆಯಲ್ಲಿದ್ದ ಗುಮಾಸ್ತನ ಹತ್ತಿರ ತಲೆ ಅಲ್ಲಾಡಿಸಿದ. “ಗಂಡ ಹೋದರೂ ಒಂದು ಕೂದಲೆಳೆಯಷ್ಟೂ ಬದಲಾಗಿಲ್ಲ ಮಾರಾಯ. ಕಲ್ಲು.”

ಬಾಗಿಲು ತೆರೆದೇ ಇತ್ತು, ಮಾತು ಆಕೆಗೆ ಕೇಳಿಸಿತು. ಆಕೆ ಕನ್ನಡಕ ಒರೆಸಿ, ಕೆಂಪು ಪೆನ್ನಿನ ಮುಚ್ಚಳ ತೆಗೆದು, ಪುಟವನ್ನು ಮೊದಲಿನಿಂದ ನೋಡುತ್ತಾ ಬಂದಳು. ಒಂದನೆಯದರಲ್ಲಿ ಬಿಟ್ಟುಹೋಗಿದ್ದ ಅಲ್ಪವಿರಾಮ ಹಾಕಿದಳು. ಮೂರನೆಯದರಲ್ಲಿ ಒಂದು ದೀರ್ಘ ಸೇರಿಸಿದಳು. ನಾಲ್ಕನೆಯದಕ್ಕೆ ಬಂದಾಗ ತಾನೇ ಬರೆದ ಹಳೆಯ ಸಾಲು ಅಲ್ಲಿತ್ತು: ‘ಹಕ್ಕಿಯ ಚಿತ್ರ ತಪ್ಪು.’

ಕೊನೆಯ ಪದವನ್ನು ಹೊಡೆದುಹಾಕಿದಳು. ಮೇಲೆ ಸಣ್ಣ ಅಕ್ಷರದಲ್ಲಿ ‘ಸರಿ’ ಎಂದು ಬರೆದಳು. ಆಮೇಲೆ ಆ ಸಾಲಿನ ಕೆಳಗೆ, ಎಲ್ಲ ಶಾಲೆಗಳ ಮೇಷ್ಟ್ರುಗಳಿಗೂ ತಿಳಿಯುವಂತೆ, ಇನ್ನೊಂದು ಸಾಲು ಸೇರಿಸಿದಳು: ‘ಹಕ್ಕಿಯ ಬಾಯಿ ತೆರೆದಿದ್ದರೆ ಪೂರ್ಣ ಅಂಕ.’